ಅಧ್ಯಕ್ಷರ ಗಂಡನ ಪಾಳಿ

ಪಂಚಾಯ್ತಿ ಅಂದಮೇಲೆ ನಗು ಬರುವಂಥದ್ದು ವಾರಕ್ಕೊಂದಾದರೂ ನಡೆದೇ ನಡೆಯುತ್ತದೆ. ನಾವು ಮುಖ ಬಿಗಿದುಕೊಂಡು ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡುತ್ತೇವೆ, ಅಷ್ಟೇ. ನಾನು ಮಸ್ಕಿ ಕಡೆಯ ಒಂದು ಹಳ್ಳಿಯಲ್ಲಿ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತೆ. ಅಂಗವಿಕಲರು, ಹಾಸಿಗೆ ಹಿಡಿದವರು ಇರುವ ಮನೆಗಳಿಗೆ ಹೋಗಿ ಬರುವುದು ನನ್ನ ಕೆಲಸ. ನನ್ನದೂ ಒಂದು ಕಾಲು ಪೋಲಿಯೊದಲ್ಲಿ ಹೋಗಿದೆ. ಹಿಂದೆ ಎರಡು ಗಾಲಿ ಹೆಚ್ಚಿಗೆ ಇರುವ ಸ್ಕೂಟರ್ ಮೇಲೆ ಓಡಾಡುತ್ತೇನೆ. ಅದರ ಸದ್ದು ಕೇಳಿದರೆ ಸಾಕು, ಊರಿನವರು ಹೊಸ ಫಾರಂ ಬಂತು ಎಂದು ತಿಳಿಯುತ್ತಾರೆ.

ಐಟಂ ಹೆಸರು

ಆ ಸಲದ ಫಾರಂ ಆರೈಕೆದಾರರದು. ಸಂಬಳವಿಲ್ಲದೆ ಮನೆಯ ರೋಗಿಯನ್ನು ನೋಡಿಕೊಳ್ಳುವವರು ಯಾರು, ಅವರಿಗೆ ಪಂಚಾಯ್ತಿಯಿಂದ ಏನು ಬೇಕು ಎಂದು ಕೇಳಿ ಬರೆಯಬೇಕಿತ್ತು. ಮೊದಲು ಹೋದದ್ದು ಊರ ಅಗಸಿ ಬಾಗಿಲ ಪಕ್ಕದ ಮನೆಗೆ. ಅಲ್ಲಿ ಅತ್ತೆಗೆ ಲಕ್ವಾ ಹೊಡೆದು ಒಂಬತ್ತು ವರ್ಷ. ಎಡಗಡೆಯ ಮೈ ಬಿದ್ದಿದೆ, ನಾಲಿಗೆಗೆ ಮಾತ್ರ ಏನೂ ಆಗಿಲ್ಲ.

ಕಟ್ಟೆ ಮೇಲೆ ಕುಳಿತಿದ್ದ ಮಗನನ್ನು ಕೇಳಿದೆ, “ಅವ್ವನ್ನ ಯಾರು ನೋಡ್ಕೊಂತಾರ್ರಿ?”

“ನಾನ ರೀ. ಇರೋ ಒಬ್ಬ ಮಗ.”

“ನಿಮ್ಮ ಮನಿಯಾಕಿ ಏನು ಮಾಡ್ತಾರ?”

“ಆಕಿ ಏನ ಮಾಡ್ತಾಳ್ರಿ, ಮನ್ಯಾಗ ಇರ್ತಾಳ.”

ಅಷ್ಟರಲ್ಲಿ ಏನೂ ಮಾಡದ ಆ ಸೊಸೆ ಒದ್ದೆ ದುಪ್ಪಡಿಗಳ ಬಕೆಟ್ ಹೊತ್ತು ಹೊರಗೆ ಬಂದಳು. ದಿನಕ್ಕೆ ಎಷ್ಟು ಗುಳಿಗೆ ಎಂದು ಕೇಳಿದೆ. ಮಗ ತಿರುಗಿ ಹೆಂಡತಿಯನ್ನು ಕೇಳಿದ. ಎಷ್ಟು ತಾಸಿಗೊಮ್ಮೆ ಮಗ್ಗಲು ಹೊರಳಿಸುತ್ತೀರಿ ಎಂದೆ. ಮತ್ತೆ ತಿರುಗಿದ. ನಾಲ್ಕನೇ ಪ್ರಶ್ನೆಗೆ ಒಳಗಿನಿಂದ ಮುದುಕಿ ಕೂಗಿದಳು, “ಅವನ ಕುತ್ತಿಗಿ ಉಳುಕತೈತಿ ಬೇ, ಆಕೀನ್ನ ಕೇಳು!”

ಆಕೆಯನ್ನೇ ಕೇಳಿದೆ, ನಿಮಗೇನು ಬೇಕು ಎಂದು. ಸೊಸೆ ಕೈ ಒರೆಸಿಕೊಂಡು ನಕ್ಕಳು. “ಒಂದು ದಿನ ಬೇಕ್ರಿ ಅಕ್ಕಾರ. ಹಟ್ಟಿ ಊರಾಗ ನನ್ನ ತಂಗಿ ಹಡದಾಳ, ಮುಂದಿನ ತಿಂಗಳ ಕೂಸಿನ್ನ ತೊಟ್ಟಿಲಾಗ ಹಾಕ್ತಾರ. ಒಂಬತ್ತು ವರ್ಷ ಆತು, ಆಕಿ ಮನಿ ಬಾಗಲಾ ನೋಡಿಲ್ಲ.”

“ಇಕಿ ಹೋದ್ರ ನಾ ಸತ್ತೇ ಹೋಗ್ತೀನಿ!” ಎಂದು ಒಳಗಿನಿಂದ ಉತ್ತರ ಬಂತು.

ಫಾರಂನಲ್ಲಿ ಗಾಲಿ ಕುರ್ಚಿ, ವಾಕರ್, ನೀರಿನ ಹಾಸಿಗೆ ಎಲ್ಲದಕ್ಕೂ ಕಾಲಂ ಇದ್ದವು. ‘ಇತರೆ’ ಎಂಬಲ್ಲಿ ನಾನು ‘ಒಂದು ದಿನ’ ಎಂದು ಬರೆದುಕೊಟ್ಟೆ. ಪಿಡಿಒ ಸಾಹೇಬರು ಕನ್ನಡಕ ಏರಿಸಿ ಓದಿದರು. “ಒಂದು ದಿನ ಏನ್ರಿ? ಐಟಂ ಹೆಸರ ಬಿಟ್ಟೀರಲ್ಲ!”

ಸಭೆ

ಆಮೇಲೆ ಸಾಹೇಬರು ಆರೈಕೆದಾರರ ಸಭೆ ಕರೆದರು. ಕುರ್ಚಿ ಹಾಕಿಸಿದರು, ಬ್ಯಾನರ್ ಕಟ್ಟಿಸಿದರು, ಉಪ್ಪಿಟ್ಟು ಮಾಡಿಸಿದರು. ಒಂದು ನರಪಿಳ್ಳೆಯೂ ಬರಲಿಲ್ಲ. ಉಪ್ಪಿಟ್ಟನ್ನು ಸದಸ್ಯರೇ ಮುಗಿಸಿದರು.

“ಈ ಮಂದಿಗಿ ಆಸಕ್ತಿನ ಇಲ್ಲ” ಎಂದು ಸಾಹೇಬರು ಬೇಜಾರು ಮಾಡಿಕೊಂಡರು.

“ಅವರು ಇಲ್ಲಿಗಿ ಬಂದ್ರ ಅಲ್ಲಿ ರೋಗಿ ಹತ್ರ ಯಾರು ಕೂಡ್ತಾರ್ರಿ ಸಾಹೇಬ್ರ?” ಎಂದೆ ನಾನು.

“ಹಂಗಾರ ಕರ್ಕೊಂಡ ಬರ್ರಿ ಅಂತ ಹೇಳ್ರಿ!”

ಎರಡನೇ ಸಭೆಗೆ ಬಂದರು ನೋಡಿ! ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಭತ್ತದ ಹುಲ್ಲು ಹಾಸಿ, ಅದರ ಮೇಲೆ ಗಾದಿ ಹಾಕಿ, ಓಣಿ ಓಣಿಯ ರೋಗಿಗಳನ್ನು ಕರೆತಂದರು. ಅಗಸಿ ಮನೆಯ ಮುದುಕಿ ಮಲಗಿದ ಹೊರಸಿನ ಸಮೇತ ಬಂದಳು. ವರ್ಷಗಟ್ಟಲೆ ಒಬ್ಬರ ಮುಖ ಒಬ್ಬರು ನೋಡದವರು, ಒಳ್ಳೆ ಬೀಗರು ಕೂಡಿದಂತೆ ಹರಟೆಗೆ ಇಳಿದರು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಪಂಚಾಯ್ತಿಯ ಅಧ್ಯಕ್ಷರು ಹೆಣ್ಣುಮಗಳು. ಆದರೆ ಅಧ್ಯಕ್ಷರ ಕುರ್ಚಿಯಲ್ಲಿ ಕೂರುವವರು, ಭಾಷಣ ಮಾಡುವವರು, ಹಾರ ಹಾಕಿಸಿಕೊಳ್ಳುವವರು ಅವರ ಗಂಡ. ಸಹಿ ಒಂದನ್ನು ಹೆಂಡತಿಗೆ ಬಿಟ್ಟಿದ್ದಾರೆ. ಅಂದೂ ಅವರೇ ಮೈಕ್ ಹಿಡಿದರು. “ಆರೈಕೆ ಮಾಡೋ ತಾಯಂದಿರೇ, ನಿಮ್ಮ ತ್ರಾಸ ಏನೈತಿ, ಮನಸ್ಸು ಬಿಚ್ಚಿ ಹೇಳ್ರಿ!”

ತಿರುಗಿ ನೋಡಿದರೆ ತಾಯಂದಿರೆಲ್ಲ ಗೋಡೆಗೆ ಸಾಲಾಗಿ ಒರಗಿ ನಿದ್ದೆ ಹೋಗಿದ್ದಾರೆ. ಅಗಸಿ ಮನೆಯ ಸೊಸೆಯ ಬಾಯಿ ಅರ್ಧ ತೆರೆದಿತ್ತು. ಎಷ್ಟು ದಿನದ ನಿದ್ದೆಯೋ.

ಹೊರಸಿನಿಂದ ಮುದುಕಿ ಗದರಿದಳು, “ಮೈಕ್ ಸಣ್ಣ ಮಾಡೋ ತಮ್ಮಾ, ಈಗರ ಮಲಗ್ಯಾರ!”

ಪಿಡಿಒ ಸಾಹೇಬರು ನನ್ನ ಕಡೆ ಬಾಗಿ ಪಿಸುಗುಟ್ಟಿದರು, “ಬೇಡಿಕೆ ಅಂತ ಏನು ಬರಿಯೂಣು?”

“ನಿದ್ದಿ ಅಂತ ಬರೀರಿ. ಕಣ್ಣಿಗಿ ಕಾಣಾಕತ್ತೈತಲ್ಲ.”

ಠರಾವು

ಮುಂದಿನ ಸಾಮಾನ್ಯ ಸಭೆಯಲ್ಲಿ ನಾನೇ ಎದ್ದು ಹೇಳಿದೆ. ಸಾಮಾನು ಬೇಡ, ಸನ್ಮಾನ ಬೇಡ, ಯಾರಾದರೂ ಹೋಗಿ ಒಂದು ದಿನ ರೋಗಿಯ ಹತ್ತಿರ ಕೂತರೆ ಸಾಕು, ಆ ಸೊಸೆ ಹಟ್ಟಿಗೆ ಹೋಗಿ ಕೂಸು ನೋಡಿ ಬರುತ್ತಾಳೆ.

ಅಧ್ಯಕ್ಷರ ಗಂಡನಿಗೆ ಹುರುಪು ಬಂತು. “ಇಷ್ಟ ಹೌದಿಲ್ಲ? ತಿಂಗಳಿಗೊಬ್ಬರು ಸದಸ್ಯರು ಒಂದು ದಿನ ಕೂಡೂಣು. ಕುಂತು ನೋಡ್ಕೊಳ್ಳೋದು, ಅದ್ರಾಗ ಏನೈತಿ? ಮೊದಲನೇ ಪಾಳಿ ಅಧ್ಯಕ್ಷರದು!”

ಎಲ್ಲರೂ ಚಪ್ಪಾಳೆ ತಟ್ಟಿದರು. ಮೂಲೆಯಲ್ಲಿ ಕುಳಿತಿದ್ದ ಅಧ್ಯಕ್ಷರು ಸೆರಗು ಸರಿಮಾಡಿಕೊಂಡು ಎದ್ದರು.

“ಮೀಟಿಂಗಿಗೆ ನೀವ ಹೋಗ್ತೀರಿ, ಉದ್ಘಾಟನಾಕ್ಕ ನೀವ ಹೋಗ್ತೀರಿ, ಲಿಂಗಸುಗೂರಿಗೆ ಸಾಹೇಬ್ರ ಭೇಟಿಗೂ ನೀವ ಹೋಗ್ತೀರಿ. ಇದೊಂದಕ್ಕ ನಾ ಯಾಕ್ರಿ? ನೀವ ಹೋಗಿ ಬರ್ರಿ.”

ಅಧ್ಯಕ್ಷರು ಸಭೆಯಲ್ಲಿ ಬಾಯಿ ಬಿಟ್ಟದ್ದು ಅದೇ ಮೊದಲು. ಠರಾವು ಸರ್ವಾನುಮತದಿಂದ ಪಾಸಾಯಿತು.

ಪಾಳಿ

ತೊಟ್ಟಿಲಿನ ದಿನ ಬೆಳಿಗ್ಗೆ ಸೊಸೆ ಹೊರಟಳು, ಮತ್ತೆ ಕೂತಳು, ಮತ್ತೆ ಎದ್ದಳು. ಅತ್ತೆಯ ರಾಗ ನಿಂತಿರಲಿಲ್ಲ: “ಹೋಗು ಹೋಗು, ಬರೋದ್ರಾಗ ನನ್ನ ಮಣ್ಣು ಮಾಡಿರ್ತಾರ.” ಮೈ ತೊಳೆಸಿ ಸೀರೆ ಬದಲಿಸುವುದಕ್ಕೆ ನಾನಿದ್ದೇನೆ, ಉಳಿದದ್ದೆಲ್ಲ ಅಧ್ಯಕ್ಷರ ಗಂಡನದು ಎಂದು ಸೊಸೆಗೆ ಧೈರ್ಯ ಹೇಳಿ ಲಿಂಗಸುಗೂರು ಬಸ್ಸಿಗೆ ಹತ್ತಿಸಿದೆ. ಅಲ್ಲಿಂದ ಹಟ್ಟಿಗೆ ಇನ್ನೊಂದು ಬಸ್ಸು.

ಅಧ್ಯಕ್ಷರ ಗಂಡ ಬಿಳಿ ಇಸ್ತ್ರಿ ಅಂಗಿಯಲ್ಲಿ, ಕಟ್ಟೆ ಮೇಲೆ ಕುಳಿತಿದ್ದ ಮಗನನ್ನು ದಾಟಿ ಬಂದು ಕುರ್ಚಿ ಎಳೆದು ಕುಳಿತರು. ಮುದುಕಿ ಮೇಲಿಂದ ಕೆಳಗೆ ನೋಡಿದಳು.

“ಓಟು ಕೇಳಾಕ ಬಂದಾಗ ಕಾಲಿಗಿ ಬಿದ್ದಿದ್ದಿ ಹೌದಿಲ್ಲ?”

“ಹೌದಬೇ ಯವ್ವಾ.”

“ಅವ ಕಾಲು ಇವು. ಒತ್ತು.”

ಒತ್ತಿದರು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿದರು. ಗಟ್ಟಿಯಾಯಿತು ಎಂದಳು. ಮತ್ತೆ ನೆನೆಸಿದರು. ಗಂಜಿಯಾಯಿತು ಎಂದಳು. ಮೂರನೆಯದನ್ನು ತಿಂದು, ಆರಿ ಹೋಗಿದೆ ಎಂದಳು. ಮಧ್ಯಾಹ್ನದ ಹೊತ್ತಿಗೆ ಇಸ್ತ್ರಿ ಅಂಗಿ ಗೂಟಕ್ಕೆ ಹೋಗಿ, ಸೊಂಟಕ್ಕೆ ಟವೆಲ್ ಬಂದಿತ್ತು. ಯಾವುದೋ ಆಫೀಸಿನಿಂದ ಫೋನ್ ಬಂತು. “ಫೀಲ್ಡ್‌ನಾಗ ಅದೀನ್ರಿ, ಸ್ಥಳ ಪರಿಶೀಲನೆ ನಡದೈತಿ” ಎಂದು ಗಂಭೀರವಾಗಿ ಹೇಳುತ್ತಿದ್ದರು. ಮುದುಕಿ ಫೋನಿಗೂ ಕೇಳುವಂತೆ ಕೂಗಿದಳು, “ಪರಿಶೀಲನೆ ಆಮ್ಯಾಲ, ಮೊದಲ ಮಗ್ಗಲ ಹೊರಳ್ಸು!”

ನಾಲ್ಕು ಗಂಟೆಗೆ ಅವರು ನನ್ನ ಕಿವಿಯಲ್ಲಿ ಕೇಳಿದರು, “ಅಕ್ಕಾರ, ಆ ಹೆಣ್ಣುಮಗಳು ಇದನ್ನ ದಿನಾಲೂ ಮಾಡ್ತಾಳೇನ್ರಿ?” ಹೌದು ಎಂದೆ. ಅವರು ಗಡಿಯಾರ ನೋಡಿ, ಹೇಳಿಸಿಕೊಳ್ಳದೆಯೇ ಮುದುಕಿಯ ಮಗ್ಗಲು ಹೊರಳಿಸಲು ಎದ್ದರು. ಅವರನ್ನು ನೋಡಿ ನನಗೆ ಮೊದಲ ಸಲ ಗೌರವ ಮೂಡಿತು.

ಸಂಜೆ ಬಸ್ಸಿಗೆ ಸೊಸೆ ಬಂದಳು. ಮುಡಿಯಲ್ಲಿ ಹೂವು, ಕೈತುಂಬ ಹಸಿರು ಬಳೆ, ಮುಖದಲ್ಲಿ ನಾನೆಂದೂ ಕಾಣದ ಕಳೆ. ಕೂಸಿನ ಕಿವಿಯಲ್ಲಿ ಹೆಸರು ಹೇಳಿದವಳು ತಾನೇ ಎಂದು ಬಾಗಿಲಲ್ಲೇ ಹೇಳಿದಳು. ಆಮೇಲೆ ಹೊರಸಿನ ಹತ್ತಿರ ಹೋಗಿ ಅಳುಕುತ್ತ ಕೇಳಿದಳು, “ಅತ್ತಿ, ಬಾಳ ತ್ರಾಸ ಆತೇನ್ರಿ?”

ಮುದುಕಿ ಅಧ್ಯಕ್ಷರ ಗಂಡನನ್ನು ಒಮ್ಮೆ ನೋಡಿದಳು, ಸೊಸೆಯ ಬಳೆಗಳನ್ನು ಒಮ್ಮೆ ನೋಡಿದಳು.

“ಮುಂದಿನ ತಿಂಗಳ ಎರಡು ದಿನ ಇದ್ದು ಬಾ. ಈತಗ ಕಲಿಸೋದು ಬಾಳ ಐತಿ, ಒಂದು ದಿನಕ್ಕ ಮುಗಿಯಂಗಿಲ್ಲ.”