ಕಾಂಕ್ರೀಟಿಗೆ ಹೊದಿಸಿದ ಕೌದಿ

“ಈ ಸಲ ಹಿಮ ಬೀಳೋದ್ರೊಳಗೆ ಮನೆ ಮುಂದೆ ಹೊಸ ಕಾಂಕ್ರೀಟು ಬೀಳದಿದ್ರೆ ನನ್ನ ಹೆಸರು ಗೇಲನ್ ಟಾಲಕ್ಸನ್ನೇ ಅಲ್ಲ!”

ಗೇಲನ್ ಹೀಗೆ ಘೋಷಿಸಿ ತಿಂಡಿ ಮೇಜನ್ನು ಗುದ್ದಿದ. ಎದುರಿಗೆ ಕೂತಿದ್ದ ಹೆಂಡತಿ ಆರ್ಡಿಸ್ ಚೆಲ್ಲಿದ ಕಾಫಿಯನ್ನು ಒರೆಸುತ್ತ, “ಹೋದ ವರ್ಷವೂ ಇದನ್ನೇ ಹೇಳಿದ್ದೆ. ಆವತ್ತಿಂದ ನಿನ್ನ ಏನಂತ ಕರೀಬೇಕೋ ಗೊತ್ತಾಗ್ದೆ ಒದ್ದಾಡ್ತಿದ್ದೀನಿ” ಅಂದಳು.

ಮಾತು ನೇರವಾಗಿ ನಾಟಿತು. ಉತ್ತರ ಮಿನೆಸೋಟದ ಚಳಿ ವರ್ಷವರ್ಷವೂ ನೆಲದೊಳಗೆ ಇಳಿದು, ಅವರ ಗ್ಯಾರೇಜಿನ ಮುಂದಿನ ಹಳೇ ಕಾಂಕ್ರೀಟನ್ನು ಕೆಳಗಿನಿಂದ ಎತ್ತೆತ್ತಿ ಕುಕ್ಕಿತ್ತು. ಒಂದು ಚಪ್ಪಡಿ ಆಕಾಶ ನೋಡಿದರೆ ಪಕ್ಕದ್ದು ಪಾತಾಳ ನೋಡುತ್ತಿತ್ತು. ನಡುವಿನ ತಗ್ಗಿನಲ್ಲಿ ನೀರು ನಿಂತು ಹೆಪ್ಪುಗಟ್ಟುತ್ತಿತ್ತು. ಕಳೆದ ಚಳಿಗಾಲದಲ್ಲಿ ಆರ್ಡಿಸ್ ಅಲ್ಲೇ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಅವಳೋ ಚರ್ಚಿನ ಕೌದಿ ಮಂಡಳಿಯ ಪಟ್ಟದ ಸೂಜಿ! ಆ ಕೈ ಕಟ್ಟಿಸಿಕೊಂಡು ಸುಮ್ಮನೆ ಕೂತಿದ್ದಾಗ ಅವಳ ಮುಖ ನೋಡಲು ಆಗುತ್ತಿರಲಿಲ್ಲ. ಅವಳು ಇನ್ನೊಮ್ಮೆ ಬೀಳಬಾರದು, ಗೇಲನ್ನನಿಗೆ ಬೇಕಾಗಿದ್ದು ಅಷ್ಟೇ. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ ಮೇಜು ಗುದ್ದುತ್ತಿದ್ದ.

ಜೀವಮಾನವೆಲ್ಲ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಮೆಂಟು, ಮೊಳೆ ಮಾರಿದವನು ತಾನು, ಕಂಟ್ರಾಕ್ಟರನನ್ನು ಹಿಡಿಯುವುದು ಎಷ್ಟರ ಮಾತು ಎಂದುಕೊಂಡಿದ್ದ. ಕಂಟ್ರಾಕ್ಟರುಗಳೂ ಹಾಗೇ ಅಂದುಕೊಂಡಿದ್ದರು, ತಪ್ಪಿಸಿಕೊಳ್ಳುವುದು ಎಷ್ಟರ ಮಾತು ಎಂದು! ಬೇಸಿಗೆಯಿಡೀ ಫೋನಾಯಿತು. ಒಬ್ಬ ಬಂದು ಬಿರುಕನ್ನು ಬೂಟಿನಿಂದ ಒತ್ತಿ, “ಹ್ಞಾಂ, ಬಿರುಕು ಬಿಟ್ಟಿದೆ” ಎಂದು ಕಂಡುಹಿಡಿದು ಹೋದ. ಇನ್ನೊಬ್ಬ, “ಬರಬಹುದೇನೋ, ಅಡ್ಡಿಯಿಲ್ಲ” ಅಂದ. ಆ ಸೀಮೆಯಲ್ಲಿ ಹಾಗೆಂದರೆ ಈ ಜನ್ಮದಲ್ಲಿ ಇಲ್ಲ ಎಂದರ್ಥ. ಹೀಗೆ ನವೆಂಬರ್ ಬಂದೇಬಿಟ್ಟಿತು, ಜೊತೆಗೆ ಜಿಂಕೆ ಬೇಟೆಯೂ ಬಂತು. ಬೇಟೆ ಶುರುವಾಗುವ ಶನಿವಾರದ ಹಿಂದುಮುಂದಿನ ದಿನಗಳಲ್ಲಿ ಊರಿನಲ್ಲಿ ಒಬ್ಬ ಗಂಡಸೂ ಇರುವುದಿಲ್ಲ. ಎಲ್ಲರೂ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಕಾಡು ಸೇರಿರುತ್ತಾರೆ. ಬಿಡುವಾದ ಹೆಂಗಸರು ಗುಂಪು ಕಟ್ಟಿಕೊಂಡು ಪೇಟೆಗೆ ಹೋಗುತ್ತಾರೆ.

ಗೇಲನ್ನನನ್ನು ಮಾತ್ರ ಯಾರೂ ಬೇಟೆಗೆ ಕರೆಯುತ್ತಿರಲಿಲ್ಲ. ಹಿಂದೊಮ್ಮೆ ಇವನು, ಭಾವಮೈದುನ ಬಂಡೆಯ ಮೇಲಿಟ್ಟಿದ್ದ ಕಾಫಿ ಫ್ಲಾಸ್ಕನ್ನು ಜಿಂಕೆಯೆಂದು ಹೊಡೆದು ಉರುಳಿಸಿದ್ದ. ಅಷ್ಟು ದಿವ್ಯವಾದ ದೃಷ್ಟಿ!

ಆಗ ಸಿಕ್ಕಿದವನು ಸಾಲ್ ಪೆಟ್ರೂಚಿ. ನ್ಯೂಜೆರ್ಸಿಯವನು. ಈ ಊರಿನ ಹುಡುಗಿಯನ್ನು ಕಟ್ಟಿಕೊಂಡು ಆಗಷ್ಟೇ ಬಂದಿಳಿದಿದ್ದ.

“ಜಿಂಕೆಗೂ ನನಗೂ ಏನ್ ದ್ವೇಷಾರೀ? ಶುಕ್ರವಾರವೇ ಹಾಕಿಕೊಡ್ತೀನಿ!” ಅಂದ. ಅಂದವನು ಬಂದೂ ಬಿಟ್ಟ! ಇಬ್ಬರು ಆಳುಗಳೊಡನೆ ವಾರದ ಮೊದಲಲ್ಲೇ ಹಳೆಯದನ್ನೆಲ್ಲ ಒಡೆದು ಹೊರಹಾಕಿದ. ಆರ್ಡಿಸ್ ಕೆಲಸದವರಿಗೆಂದು ಚಾಕಲೇಟು ಬರ್ಫಿ ಮಾಡಿ ತಟ್ಟೆಯಲ್ಲಿಟ್ಟಳು.

“ಕಾಫಿ ತಗೊಳ್ತೀರಾ?” ಎಂದು ಗೇಲನ್ ಕೇಳಿದ.

“ಕೊಡ್ರೀ!” ಅಂದ ಸಾಲ್.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಕೇಳಿದ ಮೊದಲ ಸಲಕ್ಕೇ ‘ಕೊಡ್ರೀ’! ಅವರ ಕಡೆ ಮರ್ಯಾದಸ್ಥರು ಮೊದಲ ಸಲ ‘ಬೇಡ ಬೇಡ’ ಎನ್ನಬೇಕು. ಎರಡನೇ ಸಲ ‘ನಿಮಗ್ಯಾಕೆ ತೊಂದ್ರೆ’ ಎನ್ನಬೇಕು. ಮೂರನೇ ಸಲ ಕೇಳಿದ ಮೇಲೆ, ‘ಇಷ್ಟೊಂದು ಹೇಳ್ತೀರಿ ಅಂದ್ಮೇಲೆ ಅರ್ಧ ಲೋಟ’ ಎಂದು ತುಂಬಿದ ಲೋಟವನ್ನೇ ಕುಡಿಯಬೇಕು. ಈ ಸಾಲ್ ಅಷ್ಟಕ್ಕೇ ನಿಲ್ಲಿಸದೆ ತಟ್ಟೆಯಲ್ಲಿ ಉಳಿದಿದ್ದ ಕೊನೆಯ ಬರ್ಫಿಯನ್ನೂ ಎತ್ತಿ ಬಾಯಿಗೆ ಹಾಕಿಕೊಂಡ. ಕೊನೆಯ ಬರ್ಫಿಯನ್ನು! ಆ ಊರಿನಲ್ಲಿ ಕೊನೆಯ ತುಂಡನ್ನು ಅರ್ಧ ಮಾಡುತ್ತಾರೆ, ಅರ್ಧದಲ್ಲಿ ಅರ್ಧ ಮಾಡುತ್ತಾರೆ, ಇರುವೆಗೆ ಸಾಲದಷ್ಟಾದ ಮೇಲೂ ತಟ್ಟೆಯಲ್ಲೇ ಬಿಡುತ್ತಾರೆ.

“ಪಾಪ, ದೂರದಿಂದ ಬಂದೋನು” ಎಂದು ಆರ್ಡಿಸ್ ಕ್ಷಮಿಸಿದಳು.

ಶುಕ್ರವಾರ ಬೆಳಿಗ್ಗೆ ಅವಳು ಗೆಳತಿಯರ ಜೊತೆ, ರಾತ್ರಿ ಅಲ್ಲೇ ಉಳಿದು ಬರಲು, ಪೇಟೆಗೆ ಹೊರಟಳು. ಹೊರಡುವಾಗ, “ಗ್ಯಾರೇಜಿನಲ್ಲಿ ಮಂಡಳಿಯ ಕೌದಿಗಳಿವೆ. ನಾಳೆ ಮಧ್ಯಾಹ್ನ ಲವೋನ್ ಬಂದು ತಗೊಂಡೋಗ್ತಾಳೆ. ನಿರಾಶ್ರಿತರ ಶಿಬಿರಕ್ಕೆ ಹೋಗೋವು. ಮುಟ್ಟಬೇಡ” ಎಂದು ಹೇಳಿ ಹೋದಳು. ಲವೋನ್ ಆ ಮಂಡಳಿಯ ಮುಖ್ಯಸ್ಥೆ. ಪಾದ್ರಿಯೂ ಅವಳೆದುರು ಟೋಪಿ ತೆಗೆದು ನಿಲ್ಲುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಕಾಂಕ್ರೀಟು ಕನ್ನಡಿಯ ಹಾಗೆ ಹಾಸಿ ಬಿದ್ದಿತ್ತು. ಸಾಲ್ ಸಾಮಾನು ಕಟ್ಟುತ್ತ ಕೇಳಿದ: “ರಾತ್ರಿ ಚಳಿ ಬೀಳಬಹುದು. ಹಸಿ ಕಾಂಕ್ರೀಟು ಹೆಪ್ಪುಗಟ್ಟಿದ್ರೆ ಮೇಲ್ಪದರ ಹಪ್ಪಳದ ಹಾಗೆ ಏಳತ್ತೆ. ಗಾಡಿಯಲ್ಲಿ ಚಳಿಗಂಬಳಿ ಇದೆ, ಹೊದಿಸ್ಲಾ?”

“ಅಯ್ಯೋ, ಬೇಡ ಬೇಡ” ಎಂದ ಗೇಲನ್, ಎರಡನೇ ಪ್ರಶ್ನೆಗೆ ಸಿದ್ಧನಾಗಿ.

“ಸರಿ” ಎಂದ ಸಾಲ್. ಗಾಡಿ ಹತ್ತಿ ಹೊರಟೇಹೋದ!

ಗೇಲನ್ ಬಾಯಿ ತೆರೆದುಕೊಂಡು ನಿಂತ. ಎರಡನೇ ಸಲ ಎಲ್ಲಿ? ಮೂರನೇ ಸಲ ಎಲ್ಲಿ? ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ, ಈಗ ನಿಲ್ಲಿಸಿ ಕೇಳುತ್ತಾನೆ, ಈಗ ಕೇಳುತ್ತಾನೆ ಎಂದು ಕಾದ.

ನಾಲ್ಕು ಗಂಟೆಗೆ ಬಡಗಣ ಗಾಳಿ ಎದ್ದಿತು. ಗೋಡೆಯ ಮೇಲಿನ ಥರ್ಮಾಮೀಟರು ಬಾವಿಗೆ ಬಿಟ್ಟ ಕೊಡದಂತೆ ಇಳಿಯತೊಡಗಿತು. ಗೇಲನ್ ಫೋನು ಎತ್ತಿದ. ಬಾಯಿಬಿಟ್ಟು ಕಂಬಳಿ ಕೇಳುವುದೇ? ಟಾಲಕ್ಸನ್ ವಂಶದಲ್ಲಿ ಯಾರೂ ಏನನ್ನೂ ಕೇಳಿದವರಲ್ಲ!

“ಸಾಲ್, ನಾನು ಗೇಲನ್. ಏನಿಲ್ಲ, ಸುಮ್ನೆ ಮಾಡ್ದೆ. ಚಳಿ ಸ್ವಲ್ಪ ಜಾಸ್ತಿ ಆಯ್ತಲ್ವಾ?”

“ಜಾಸ್ತಿ ಆಯ್ತು ರೀ!”

“ಕಾಂಕ್ರೀಟು... ಹೊರಗಡೇನೇ ಇದೆ.”

“ಮತ್ತೆಲ್ಲಿರತ್ತೆ ರೀ?”

“ಹೌದು ಹೌದು. ಸರಿ, ಇಡ್ತೀನಿ.”

ಫೋನಿಟ್ಟು ಗೇಲನ್ ತನ್ನ ಹಣೆಯನ್ನೇ ಗುದ್ದಿಕೊಂಡ. ಮೇಲ್ಪದರ ಎದ್ದರೆ ಮತ್ತೆ ಅದೇ ಹಳ್ಳ, ಅದೇ ಮಂಜುಗಡ್ಡೆ, ಅದೇ ಆರ್ಡಿಸ್! ಮನೆಯ ಹಾಸಿಗೆ ಬಟ್ಟೆಗಳನ್ನೆಲ್ಲ ಹೊತ್ತು ತಂದು ಹೊದಿಸಿದ. ಒಂದು ಮೂಲೆಗೂ ಸಾಲಲಿಲ್ಲ. ಆಗ ಗ್ಯಾರೇಜಿನ ಮೂಲೆಯಲ್ಲಿ, ಸೂರಿನವರೆಗೆ, ಒಂದರ ಮೇಲೊಂದು, ದಪ್ಪದಪ್ಪ ಕೌದಿಗಳು ಕಂಡವು.

ಆ ಕ್ಷಣ ಗೇಲನ್ನನ ಎದೆಯಲ್ಲಿ ಘನಘೋರ ಯುದ್ಧವೇ ನಡೆಯಿತು. ಒಂದು ಕಡೆ ಲವೋನ್, ಇನ್ನೊಂದು ಕಡೆ ಆರ್ಡಿಸಳ ಮಣಿಕಟ್ಟು. ಮಣಿಕಟ್ಟು ಗೆದ್ದಿತು. ಬೆಳಿಗ್ಗೆ ಎತ್ತಿ ಮಡಿಸಿಟ್ಟರೆ ಯಾರಿಗೆ ತಿಳಿಯುತ್ತದೆ? ಕೆಳಗೆ ಪ್ಲಾಸ್ಟಿಕ್ ಹಾಸೋಣವೇ ಎಂದು ಯೋಚಿಸಿದ. ಪ್ಲಾಸ್ಟಿಕ್ಕಾದರೆ ಮೇಲ್ಮೈಯಲ್ಲಿ ಸುಕ್ಕು ಮೂಡೀತು, ಅಂದ ಕೆಟ್ಟೀತು ಎಂದು ಸಿಮೆಂಟು ತಜ್ಞನ ತಲೆ ಓಡಿತು. ಕೌದಿಗಳನ್ನು ನೇರವಾಗಿ ಹಾಸಿದ, ಮೇಲೆ ಹುಲ್ಲು ಹೇರಿದ, ಗೆದ್ದೆನೆಂದು ಒಳಗೆ ಹೋಗಿ ಮಲಗಿದ.

ಕಾಂಕ್ರೀಟು ಉಳಿಯಿತು! ಚಳಿಯ ಒಂದು ಹಲ್ಲೂ ಅದಕ್ಕೆ ತಾಗಿರಲಿಲ್ಲ. ಬೆಳಿಗ್ಗೆ ಹುಲ್ಲು ತೆಗೆದು ಒಂದು ಕೌದಿಯ ತುದಿ ಹಿಡಿದು ಎಳೆದ. ಬಂತು. ಎರಡನೆಯದನ್ನು ಎಳೆದ. ಅರ್ಧ ಬಂತು! ಮೂರನೆಯದು ಇದೇ ನನ್ನ ಮನೆ ಎಂದು ಕೂತುಬಿಟ್ಟಿತ್ತು. ಕಿತ್ತುಬಂದ ಕಡೆಯೆಲ್ಲ ಚೌಕ, ನಕ್ಷತ್ರ, ಉಣ್ಣೆ ದಾರದ ಗಂಟುಗಳು ಕಾಂಕ್ರೀಟಿನಲ್ಲಿ ಅಚ್ಚೊತ್ತಿ ಕೂತಿದ್ದವು. ಮಧ್ಯಾಹ್ನವಾದರೂ ಇದ್ದ ಬದ್ದ ಶಕ್ತಿಯೆಲ್ಲ ಹಾಕಿ ಅವನು ಎಳೆಯುತ್ತಲೇ ಇರುವಾಗ ಎರಡು ಕಾರು ಒಟ್ಟಿಗೆ ಬಂದು ನಿಂತವು. ಒಂದರಿಂದ ಆರ್ಡಿಸ್ ಇಳಿದಳು. ಇನ್ನೊಂದರಿಂದ ಲವೋನ್ ಇಳಿದಳು.

ಲವೋನ್ ತುಂಬಾ ಹೊತ್ತು ನೋಡಿ, “ಹ್ಞಾಂ. ಬೇರೇನೇ ಥರ ಇದೆ” ಎಂದಳು. ಆ ಊರಿನಲ್ಲಿ ಇದಕ್ಕಿಂತ ಕೆಟ್ಟ ಬೈಗುಳವಿಲ್ಲ.

ಆರ್ಡಿಸಳಿಗೆ ಕಥೆಯೆಲ್ಲ ತಿಳಿಯುವಷ್ಟರಲ್ಲಿ ಸಾಲ್ ಕೂಡ ಬಂದ. ಕೌದಿಗಳನ್ನು ಕಂಡು ಬೆಚ್ಚಿದ. “ನಿಮ್ಮ ಹತ್ರಾನೇ ಕಂಬಳಿ ಇದೆ ಅಂದ್ಕೊಂಡಿದ್ದೆ ಕಣ್ರೀ! ಹೋಗ್ಲಿ, ಯಂತ್ರ ತಂದು ಮೇಲೆಲ್ಲ ಉಜ್ಜಿ ನುಣ್ಣಗೆ ಮಾಡಿಕೊಡ್ಲಾ?”

“ಛೆ ಛೆ, ಬೇಡ. ಅಷ್ಟೇನೂ ಕೆಟ್ಟದಾಗಿಲ್ಲ” ಎಂದಿತು ಗೇಲನ್ನನ ಬಾಯಿ, ಅವನನ್ನು ಕೇಳದೆಯೇ.

“ಸರಿ” ಎಂದ ಸಾಲ್. ಗಾಡಿ ಹೊರಟೇಹೋಯಿತು.

“ಗೇಲನ್!” ಆರ್ಡಿಸಳ ಸಹನೆಯ ಕಟ್ಟೆ ಒಡೆಯಿತು. “ನಿನ್ನ ಬಾಯಿಗೆ ಬೆಂಕಿ ಹಾಕ! ಬೇಕಾದ್ದನ್ನ ಬೇಕು ಅನ್ನೋಕೆ ನಿನಗೇನು ರೋಗ? ಇನ್ಮೇಲೆ ಯಾರು ಏನ್ ಕೇಳಿದ್ರೂ ಮೊದಲ ಸಲಕ್ಕೇ ಹೂಂ ಅನ್ನು! ತಿಳೀತಾ?”

“ಹೂಂ!” ಎಂದ ಗೇಲನ್.

ಲವೋನ್ ಗಂಟಲು ಸರಿಮಾಡಿಕೊಂಡು, ಉಪಚಾರಕ್ಕೆಂದು ಒಂದು ಮಾತು ಹೇಳಿದಳು. “ಹಾಳಾದ ಕೌದಿಗಳನ್ನ ಹೊಸದಾಗಿ ಹೊಲೀಬೇಕಲ್ಲ. ಗೇಲನ್, ನೀವು ಮಂಗಳವಾರ ಮಂಗಳವಾರ ನಮ್ಮ ಜೊತೆ ಬಂದು ಕೂತು ಹೊಲೀತೀರಾ ಅಂತ ಕೇಳೋಕಾಗತ್ಯೇ...”

“ಹೂಂ!” ಎಂದ ಗೇಲನ್, ಹೆಂಡತಿಯ ಕಣ್ಣನ್ನೇ ನೋಡುತ್ತ.

ಲವೋನ್ ತತ್ತರಿಸಿಹೋದಳು. ಆದರೆ ಒಪ್ಪಿದವನನ್ನು ಬಿಡುವ ಪೈಕಿ ಅವಳಲ್ಲ.

ಆ ವಾರವೇ ಹಿಮ ಬಿತ್ತು. ಆರ್ಡಿಸ್ ಜಾರುವ ಭಯಕ್ಕೆ ಕೋಲೂರುತ್ತ, ಉಸಿರು ಬಿಗಿಹಿಡಿದು ಗ್ಯಾರೇಜಿನಿಂದ ಹೊರಗೆ ಕಾಲಿಟ್ಟಳು. ಜಾರಲಿಲ್ಲ! ಬೂಟಿನ ಅಡಿಗೆ ನಕ್ಷತ್ರಗಳೂ ಗಂಟುಗಳೂ ಗಟ್ಟಿಯಾಗಿ ಸಿಕ್ಕಿದವು. ತುದಿಯವರೆಗೆ ನಡೆದು ತಿರುಗಿ ಬಂದು, ಗಂಡನ ಕೈಗೆ ಕೋಲನ್ನು ಕೊಟ್ಟಳು. ಗೇಲನ್ ಅದನ್ನು ಗ್ಯಾರೇಜಿನ ಗೋಡೆಯ ಮೊಳೆಗೆ ತೂಗುಹಾಕಿದ.

ಮಂಗಳವಾರ ಚರ್ಚಿನ ನೆಲಮಾಳಿಗೆಯಲ್ಲಿ, ಊರಿನ ಹೆಂಗಸರ ನಡುವೆ, ಜಿಂಕೆಗೂ ಫ್ಲಾಸ್ಕಿಗೂ ವ್ಯತ್ಯಾಸ ತಿಳಿಯದ ಗೇಲನ್ ಒಂದು ಕೈಯಲ್ಲಿ ಸೂಜಿ, ಇನ್ನೊಂದು ಕೈಯಲ್ಲಿ ದಾರ ಹಿಡಿದು ಕೂತ. ಸೂಜಿಯ ಕಣ್ಣು ಎಲ್ಲಿದೆಯೋ ಆ ದೇವರಿಗೇ ಗೊತ್ತು. ತುಂಬಾ ಹೊತ್ತು ಗಾಳಿಗೆ ದಾರ ಪೋಣಿಸಿದ. ಪಕ್ಕದಲ್ಲಿ ಸರಸರ ಹೊಲಿಯುತ್ತಿದ್ದ ಆರ್ಡಿಸ್ ಅಕ್ಕರೆಯಿಂದ ಬಗ್ಗಿ ಕೇಳಿದಳು:

“ನಾನು ಪೋಣಿಸಿ ಕೊಡ್ಲಾ?”

ಸುತ್ತ ಇಷ್ಟೊಂದು ಜನ ನೋಡುತ್ತಿದ್ದಾರೆ! ಗೇಲನ್ ನೆಟ್ಟಗೆ ಕೂತು, “ಬೇಡ ಬೇಡ. ನಿನಗ್ಯಾಕೆ ತೊಂದ್ರೆ” ಎಂದ.

“ಸರಿ” ಎಂದಳು ಆರ್ಡಿಸ್. ಆಮೇಲೆ ಅತ್ತ ತಿರುಗಿ ಕೂತಳು.