ಗೌರಿಗೆ ನಾಗರಾಜನ ಒಪ್ಪಿಗೆ

ತನ್ನ ತಪ್ಪು ತನಗೆ ಕಾಣುವುದಿಲ್ಲ ಎಂಬ ವಿಷಯದಲ್ಲಿ ನನಗೆ ಸ್ವಂತ ಅನುಭವ ಬೇಕಾದಷ್ಟಿದೆ. ಅದಕ್ಕೇ ನಮ್ಮ ಹಬ್ಬಗಳ ಕ್ಯಾಲೆಂಡರ್ ಸಾಫ್ಟ್‌ವೇರಿಗೆ ನಿಯಮ ಬರೆದೆ: ಒಬ್ಬ ಮಾಡಿದ ತಿದ್ದುಪಡಿಯನ್ನು ಇನ್ನೊಬ್ಬ ನೋಡಿ ಒಪ್ಪದೆ ಹೊಸ ಪ್ಯಾಕೇಜ್ ಹೊರಗೆ ಹೋಗಕೂಡದು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಈ ಸಾಫ್ಟ್‌ವೇರನ್ನು ನೋಡಿಕೊಳ್ಳುವವರು ಇಬ್ಬರೇ. ಮಲ್ಲೇಶ್ವರದ ಗಣಿತದ ಮೇಷ್ಟ್ರು ನಾನು, ಬಳೇಪೇಟೆಯಲ್ಲಿ ಬಳೆ ಅಂಗಡಿ ಇಟ್ಟಿರುವ ನನ್ನ ಕಾಲೇಜು ಗೆಳೆಯ ನಾಗರಾಜ.

ಇಂಟರ್ನೆಟ್ಟಿಗೆ ಫೋನ್ ಲೈನೇ ಬೇಕಿದ್ದ ಕಾಲ. ಅಂಗಡಿಯ ಫೋನನ್ನು ಅವರಪ್ಪ ಬಿಟ್ಟುಕೊಡುತ್ತಿರಲಿಲ್ಲ. ಹಾಗಾಗಿ ತಿದ್ದುಪಡಿಯನ್ನು ಫ್ಲಾಪಿಗೆ ಹಾಕಿಕೊಂಡು ನಾನೇ ಬಸ್ ಹತ್ತುತ್ತಿದ್ದೆ. ಬಳೆ ಡಬ್ಬಗಳ ಮಧ್ಯೆ ಇದ್ದ ಕಂಪ್ಯೂಟರಿನಲ್ಲಿ ಅವನು ಸಾಲುಸಾಲಾಗಿ ನೋಡಿ, "ಏನ್ ಗುರು, ಏಕಾದಶಿ ಒಂದು ದಿನ ಮುಂದಕ್ಕೆ ಹೋಗಿದೆ! ಕಣ್ಣು ಎಲ್ಲಿಟ್ಟಿದ್ದೆ?" ಎಂದು ಬೈಯುತ್ತಿದ್ದ. ಆಮೇಲೆ ಬೈ-ಟೂ ಕಾಫಿ ತರಿಸುತ್ತಿದ್ದ.

ಬ್ರಾಡ್‌ಬ್ಯಾಂಡ್ ಬಂದು ಎಲ್ಲ ಹಾಳಾಯಿತು. ಮೇಲ್ ಕಳಿಸಿದ ಹತ್ತು ನಿಮಿಷಕ್ಕೆ "ಓಕೆ" ಎಂದು ಉತ್ತರ. ಒಂದು ಬೈಗುಳವಾದರೂ ಬೇಡವೇ? ಎರಡು ವರ್ಷ ಅವನ ಮುಖವನ್ನೇ ನೋಡಲಿಲ್ಲ. ಸುಮ್ಮನೆ ಹೋಗಬಹುದಿತ್ತಲ್ಲ ಅಂತೀರಾ? ಕೆಲಸವಿಲ್ಲದೆ ವ್ಯಾಪಾರದ ಹೊತ್ತಿನಲ್ಲಿ ಹೋಗಿ ನಿಲ್ಲಲು ಸಂಕೋಚ ನನಗೆ. ಆದರೆ ಅವನ ಬೈಗುಳಕ್ಕಾಗಿ ಜೀವ ಹಂಬಲಿಸುತ್ತಿತ್ತು.

ಕೊನೆಗೊಂದು ವರ್ಷ ಬೇಕೆಂದೇ ಗೌರಿ ಹಬ್ಬವನ್ನು ಗಣೇಶನ ಹಬ್ಬದ ಮರುದಿನಕ್ಕೆ ಹಾಕಿ ಕಳಿಸಿದೆ. ಮಗ ಮೊದಲು, ಅಮ್ಮ ಆಮೇಲೆ! ಬಾಗಿನಕ್ಕೆ ಬಳೆ ಮಾರುವವನು ಇದನ್ನು ಕಂಡು ಫೋನ್ ಮಾಡಿ ಉಗಿಯದೆ ಇರುತ್ತಾನೆಯೇ ಎಂದು ಕಾದೆ. ಹತ್ತೇ ನಿಮಿಷ. "ಓಕೆ." ಪ್ಯಾಕೇಜ್ ಹೊರಟೇಹೋಯಿತು. ಮರುದಿನದಿಂದ ಊರೂರಿನ ಗೃಹಿಣಿಯರ ಪರವಾಗಿ ಅವರ ಗಂಡಂದಿರು ನನಗೆ ಉಗಿದು ಮೇಲ್ ಬರೆದರು.

ತಪ್ಪು ಸರಿಪಡಿಸಿದೆ. ಅದಕ್ಕೂ ಒಪ್ಪಿಗೆ ಬೇಕಲ್ಲ! ಸಿ.ಡಿ.ಗೆ ಹಾಕಿಕೊಂಡು ಬಸ್ ಹತ್ತಿದೆ. ಹಸಿರು ಬಳೆ ಜೋಡಿಸುತ್ತಿದ್ದ ನಾಗರಾಜ ತಲೆಯೆತ್ತಿ, "ಅಂತೂ ಬಂದ್ಯಾ!" ಅಂದ.

"ನೋಡದೇನೇ ಓಕೆ ಅಂದ್ಬಿಟ್ಯಲ್ಲೋ!"

"ನೋಡಿದ್ದೀನಿ ಗುರು. ಬಳೆ ಮಾರೋನಿಗೆ ಗೌರಿ ಹಬ್ಬ ಗೊತ್ತಿಲ್ವಾ? ತಪ್ಪು ಅಂದಿದ್ರೆ ನೀನು ಮೇಲ್‌ನಲ್ಲೇ ಸರಿ ಮಾಡಿ ಕಳಿಸ್ತಿದ್ದೆ. ಇಲ್ಲಿಗೆ ಬರ್ತಾನೇ ಇರ್ಲಿಲ್ಲ."

ಕಾಫಿ ಬಂತು, ಇನ್ನೊಂದು ಸಲವೂ ಬಂತು. ಮಲ್ಲೇಶ್ವರದಲ್ಲಿ ಬಸ್ಸಿಳಿದಾಗ ಜೇಬಿನಲ್ಲಿ ಸಿ.ಡಿ. ಕೈಗೆ ತಗುಲಿತು. ತೋರಿಸುವುದನ್ನೇ ಮರೆತಿದ್ದೆ. ಗೌರಿ ಇನ್ನೂ ಮಗನ ಹಿಂದೆಯೇ ನಿಂತಿದ್ದಳು. ಮೇಲ್ ಮಾಡಿದ್ದರೆ ಹತ್ತು ನಿಮಿಷದ ಕೆಲಸ. ಮರುದಿನ ಮತ್ತೆ ಬಸ್ ಹತ್ತಿದೆ.