ತೆರೆದ ಬಾಗಿಲಿನ ಮ್ಯಾನೇಜರ್

"ನಾಯಕನಾದವನ ಬಾಗಿಲು ಸದಾ ತೆರೆದಿರಬೇಕು" ಎಂದು ಕುಮಾಸಿ ನಗರದ ತರಬೇತಿಯಲ್ಲಿ ಟೈ ಕಟ್ಟಿದ ಮಹಾಶಯರೊಬ್ಬರು ಹೇಳಿದ್ದೇ ಎಲ್ಲದಕ್ಕೂ ಮೂಲ. ಅವರೇನೋ ಹೇಳಿ, ಊಟ ಮುಗಿಸಿ, ಕಾರು ಹತ್ತಿ ಹೋದರು. ಕೇಳಿಸಿಕೊಂಡ ಕ್ವಾಕು ತುಮಾಸಿ ಆ ಮಾತನ್ನು ತಾಯಿತದ ಹಾಗೆ ಕೊರಳಿಗೆ ಕಟ್ಟಿಕೊಂಡು ತನ್ನೂರು ಟೆಚಿಮಾನ್‌ಗೆ ಮರಳಿದ.

ಅಲ್ಲಿನ ಸಂತೆಯಲ್ಲಿ ಯಾಮ್ ಗೆಡ್ಡೆ ಮಾರುವ ಹೆಂಗಸರ ಸಂಘಕ್ಕೆ ಕ್ವಾಕು ಹಂಗಾಮಿ ಮ್ಯಾನೇಜರ್. ಈ 'ಹಂಗಾಮಿ' ಅನ್ನುವುದು ಒದ್ದೆ ಅಂಗಿಯಂತೆ ಮೈಗೆ ಅಂಟಿಕೊಂಡು ವರ್ಷಗಳೇ ಆಗಿದ್ದವು. ಅತ್ತೆಯಂತೂ ಚರ್ಚಿನಲ್ಲಿ ಸಿಕ್ಕವರಿಗೆಲ್ಲ "ಇವ್ನು ನಮ್ಮ ಹಂಗಾಮಿ ಅಳಿಯ" ಎಂದೇ ಪರಿಚಯಿಸುತ್ತಿದ್ದಳು. ಸಂಘದ ಒಡತಿ ನಾನಾ ಸೆರ್ವಾ, ಇಡೀ ಸಂತೆ ಯಾಮ್ ರಾಣಿ ಎಂದು ತಲೆಬಾಗುವ ಹೆಂಗಸು, ಇವತ್ತು ಮಧ್ಯಾಹ್ನ ಬರುವವರಿದ್ದರು. ಕ್ವಾಕುವನ್ನು ಖಾಯಂ ಮಾಡುವುದೋ, ಮನೆಗೆ ಕಳಿಸುವುದೋ, ಇವತ್ತೇ ತೀರ್ಮಾನ.

ತೊಂದರೆಯೆಂದರೆ ಆಫೀಸಿನ ಬಾಗಿಲು ತೆರೆದು ನಿಲ್ಲುತ್ತಿರಲಿಲ್ಲ. ಚೌಕಟ್ಟು ವಾಲಿದ್ದರಿಂದ, ಮುನಿಸಿಕೊಂಡ ಸೊಸೆಯ ಹಾಗೆ ತಾನಾಗಿಯೇ ಹೋಗಿ ಧಡಾರನೆ ಮುಚ್ಚಿಕೊಳ್ಳುತ್ತಿತ್ತು. ಅಡ್ಡ ಕಲ್ಲಿಟ್ಟರೆ ಯಾರಾದರೂ ಒಲೆ ಹೂಡಲು ಎತ್ತಿಕೊಂಡು ಹೋಗುತ್ತಿದ್ದರು. ಬೆಳಿಗ್ಗೆ ಬಂದವನೇ ಕ್ವಾಕು ಬಡಗಿ ಒಪೊಂಗ್‌ನನ್ನು ಕರೆಸಿದ.

"ಬಿಚ್ಚಿಬಿಡು."

"ಏನ್ ಬಿಚ್ಲಿ ಸಾಹೇಬ್ರೆ?"

"ಬಾಗ್ಲು."

ಒಪೊಂಗ್ ಸಂತೋಷದಿಂದಲೇ ಬಿಚ್ಚಿದ. "ಕಿಟಕೀನೂ ಬಿಚ್ಲಾ? ಹೆಂಗೂ ಕೈ ಕೊಳೆ ಆಗಿದೆ" ಅಂದ.

ಗುಮಾಸ್ತೆ ಅಫ್ರಿಯೆ ಮೂಗಿನ ಮೇಲೆ ಬೆರಳಿಟ್ಟಳು. "ಸಾಹೇಬ್ರೆ, ಬಾಗ್ಲು ಇಲ್ಲ ಅಂದ್ಮೇಲೆ ಒಳಗ್ ಬಂದೋರೆಲ್ಲ ನೆಂಟ್ರೇ. ನೀರಿಗೇನ್ ಮಾಡ್ತೀರಿ?"

ಅವಳು ಹೇಳಿದ್ದು ಸರಿಯೇ. ಹೊಸ್ತಿಲು ದಾಟಿ ಬಂದವರಿಗೆ ಮೊದಲು ಕುರ್ಚಿ, ಆಮೇಲೆ ನೀರು. ನೀರು ಕುಡಿದ ಮೇಲೆಯೇ 'ಏನು ಬಂದಿರಿ' ಎಂಬ ಮಾತು. ಅದಕ್ಕೆ ಮೊದಲೇ ಕೆಲಸದ ಮಾತಿಗೆ ಬಾಯಿಬಿಟ್ಟವನನ್ನು ಹೆತ್ತ ತಾಯಿಯೂ ಕ್ಷಮಿಸುವುದಿಲ್ಲ. ಆಫೀಸಿನ ಮುಂದೆ ಲಾರಿಗಳ ಅಂಗಳ, ಹಿಂಬಾಗಿಲ ಆಚೆ ಸಂತೆ. ನಡುವೆ ಈಗ ಬರೀ ಗಾಳಿ.

ಮೊದಲು ನುಗ್ಗಿದವಳು ತಲೆಯ ಮೇಲೆ ಗೆಡ್ಡೆಯ ಹೊರೆ ಹೊತ್ತಿದ್ದಳು. ಕ್ವಾಕು ಹೊರೆ ಇಳಿಸಿ, ಕೂರಿಸಿ, ನೀರು ಕೊಟ್ಟು, ಕೈ ಕಟ್ಟಿ ನಿಂತು ಕೇಳಿದ: "ಏನು ಬಂದ್ರಿ ತಾಯಿ?"

"ಹಿಂದಿನ ಬಾಗ್ಲಿಂದ ಆಚೆ ಹೋಗೋಕೆ ಬಂದೆ ಕಣಪ್ಪ."

ಅವಳ ಬೆನ್ನಿಗೇ ಇಡೀ ಸಂತೆ ಬಂತು. ಹತ್ತಿರದ ದಾರಿ, ಮೇಲೆ ತಣ್ಣನೆ ನೀರು, ಯಾರು ಬಿಟ್ಟಾರು? ಒಬ್ಬ ಮುದುಕನಂತೂ ಸುತ್ತು ಹಾಕಿಕೊಂಡು ಮತ್ತೆ ಮತ್ತೆ ನೆಂಟನಾದ. ನಡುವೆ ಇಬ್ಬರು ಹೆಂಗಸರು ಜಗಳ ಆಡುತ್ತಲೇ ಒಳಗೆ ಬಂದರು. ಹೊರಗಿನ ಬೇವಿನ ಮರದ ನೆರಳು ತನ್ನದು ಎಂದು ಕೆಂಪು ಬಟ್ಟೆಯವಳು, ತನ್ನದು ಎಂದು ಹಳದಿ ಬಟ್ಟೆಯವಳು. ಯಾರಿಗೂ ಇಲ್ಲ ಅನ್ನಬಾರದು, ತಲೆದೂಗಿ ಕೇಳಬೇಕು ಎಂಬುದೂ ತರಬೇತಿಯ ಪಾಠ. ಕ್ವಾಕು ಇಬ್ಬರಿಗೂ ತಲೆದೂಗಿದ. ಇಬ್ಬರೂ ಗೆದ್ದೆವೆಂದು ಕೇಕೆ ಹಾಕುತ್ತ ಹೋಗಿ, ಮರದ ಕೆಳಗೆ ಜುಟ್ಟು ಹಿಡಿದುಕೊಂಡರು.

ಆಗ ಲಾರಿ ಡ್ರೈವರ್ ಬಂದ. ನೀರು ಕುಡಿದು, "ಸಾಹೇಬ್ರೆ, ಗೆಡ್ಡೆ ಎಲ್ಲಿಳಿಸ್ಲಿ?" ಅಂದ.

ನಾಯಕ ಒಬ್ಬನೇ ತೀರ್ಮಾನಿಸಬಾರದಲ್ಲ! "ಎಲ್ರೂ ಹೇಳ್ರಪ್ಪ" ಅಂದ ಕ್ವಾಕು.

"ಬಿಸಿಲಲ್ಲಿ ಯಾಕೆ, ಇಲ್ಲೇ ಇಳ್ಸಿ!" ಎಂದರು ನೀರು ಕುಡಿದವರೆಲ್ಲ ಒಕ್ಕೊರಲಿನಿಂದ. ಒಪ್ಪಿಗೆಗೆ ಕೈ ಎತ್ತುವಾಗ ಮುದುಕ ಎರಡೂ ಕೈ ಎತ್ತಿದ.

ಮಧ್ಯಾಹ್ನದ ಹೊತ್ತಿಗೆ ಹಿಂಬಾಗಿಲು, ಕಿಟಕಿ ಎರಡೂ ಗೆಡ್ಡೆಗಳ ಹಿಂದೆ ಮಾಯ. ಕ್ವಾಕು ಮೇಜಿನ ಮೇಲೆ ಮೊಟ್ಟೆಗೆ ಕೂತ ಕೋಳಿಯ ಹಾಗೆ ಮುದುಡಿ ಕೂತಿದ್ದ. ನಾನಾ ಈ ಅವತಾರ ನೋಡಿದರೆ ಕೆಲಸ ಹೋದಂತೆಯೇ.

"ಒಪೊಂಗ್! ಬಾಗ್ಲು ಹಾಕೋ, ಬೇಗ!"

ಒಪೊಂಗ್ ಆತುರದಲ್ಲಿ ಬಾಗಿಲನ್ನು ಹಿಂದುಮುಂದಾಗಿ ಕೂರಿಸಿದ. ಚಿಲಕ ಹೊರಗೆ ಬಂತು. ಗೆಡ್ಡೆಗಳು ಉರುಳದಂತೆ ಕ್ವಾಕು ಒಳಗಿನಿಂದ ಬೆನ್ನು ಕೊಟ್ಟು ನಿಂತಿದ್ದ. ಒಪೊಂಗ್ ಚಿಲಕ ಎಳೆದು ಜಡಿದ.

"ನೋಡಿ ಸಾಹೇಬ್ರೆ, ಆನೆ ಬಂದು ಒದ್ರೂ ತೆರ್ಕೊಳ್ಳಲ್ಲ!"

"ಲೋ, ನಾನು ಒಳಗಿದೀನಲ್ಲೋ!"

ಅಷ್ಟರಲ್ಲಿ ನಾನಾ ಅವರ ಕಾರಿನ ಹಾರ್ನ್ ಕೇಳಿಸಿತು. ಎಲ್ಲರೂ ಅತ್ತ ಓಡಿದರು. ನಾನಾ ನೇರವಾಗಿ ಬೇವಿನ ನೆರಳಿಗೆ ಬಂದು ಕೂತರು. ರಾಣಿ ಕೂತ ಜಾಗ ತನ್ನದೆನ್ನಲು ಯಾರಿಗೆ ಎದೆಯಿದೆ? ಕೆಂಪು, ಹಳದಿ ಎರಡೂ ಜುಟ್ಟು ಬಿಟ್ಟು ಬೀಸಣಿಗೆ ಹಿಡಿದವು.

ಕ್ವಾಕು ಬಾಗಿಲು ಬಡಿದ. ಅಫ್ರಿಯೆ ಬಂದು ಸಂದಿಗೆ ಬಾಯಿಟ್ಟು ಗದರಿದಳು: "ಶ್! ನಾನಾ ಇನ್ನೂ ನೀರು ಕುಡಿದಿಲ್ಲ. ಈಗ ಬಾಯಿ ಬಿಟ್ರೆ ಖಾಯಂ ಅಲ್ಲ, ಹಂಗಾಮೀನೂ ಹೋಗುತ್ತೆ!"

ಕ್ವಾಕು ತುಟಿ ಹೊಲಿದುಕೊಂಡ. ನಾನಾ ನಿಧಾನವಾಗಿ ಕುಡಿದರು. ಎಷ್ಟು ನಿಧಾನವೆಂದರೆ, ಒಳಗಿನ ಗೆಡ್ಡೆ ಮೊಳಕೆ ಒಡೆಯಬಹುದಿತ್ತು. ಕುಡಿದು ಲೋಟ ಇಟ್ಟು ಸುತ್ತ ನೋಡಿದರು. ಲಾರಿ ಖಾಲಿ. ಜಗಳವಿಲ್ಲ. ಹೆಂಗಸರು ನಗುನಗುತ್ತ ನಿಂತಿದ್ದಾರೆ.

"ಮ್ಯಾನೇಜರ್ ಎಲ್ಲೇ?"

"ಒಳಗಿದಾರೆ ನಾನಾ. ಗೆಡ್ಡೆ ಕಾಯ್ತಿದಾರೆ."

"ಚಿಲಕ ಹೊರಗಿದೆಯಲ್ಲೇ! ಯಾರು ಹಾಕ್ಸಿದ್ದು?"

"ಬಾಗ್ಲು ಹಾಕ್ಸಿದ್ದು ಸಾಹೇಬ್ರೇ." ಅಫ್ರಿಯೆಯ ಮಾತಿನಲ್ಲಿ ಸುಳ್ಳಿರಲಿಲ್ಲ.

ನಾನಾ ಎದೆ ಮುಟ್ಟಿಕೊಂಡರು. "ಎಂತೆಂಥ ಮ್ಯಾನೇಜರ್‌ಗಳನ್ನ ನೋಡ್ದೆ. ಎಲ್ರೂ ಮೂಗು ತೂರ್ಸೋರೇ. ಜನರ ಕೆಲಸಕ್ಕೆ ಅಡ್ಡ ಬರಬಾರ್ದು ಅಂತ ತನ್ನನ್ನೇ ಕೂಡಿಹಾಕಿಸ್ಕೊಂಡೋನು ಇವನೊಬ್ನೇ! ಇವತ್ತಿಂದ ಇವನು ಖಾಯಂ."

ಒಳಗೆ ಕ್ವಾಕು ಒಂದು ಗೆಡ್ಡೆಯನ್ನು ಎತ್ತಿ ಮುದ್ದಿಟ್ಟ. ಮುಂದಿನ ಮಾತು ಚಪ್ಪಾಳೆಯಲ್ಲಿ ಅವನಿಗೆ ಕೇಳಿಸಲಿಲ್ಲ.

"ಚಿಲಕಾನೂ ಖಾಯಂ. ಅಫ್ರಿಯೆ, ದಿನಾ ಬೆಳಿಗ್ಗೆ ಹಾಕು, ಸಂಜೆ ತೆಗಿ."

ಅಫ್ರಿಯೆ ಸಂಜೆ ಚಿಲಕ ತೆಗೆದು ಆ ಅಪ್ಪಣೆ ತಿಳಿಸಿದಳು. ಕ್ವಾಕುವಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹೋಗಲಿ, ಮನೆಯಲ್ಲಾದರೂ ಮರ್ಯಾದೆ ಸಿಕ್ಕೀತಲ್ಲ ಎಂದುಕೊಂಡು ಕಾಲೆಳೆದ.

ಮನೆಯ ಅಂಗಳದಲ್ಲೇ ಅತ್ತೆ ಎದುರಾದಳು. "ಬನ್ನಿ ಬನ್ನಿ, ಖಾಯಂ ಅಳಿಯಂದ್ರೆ! ಸಂತೇಲೆಲ್ಲ ನಿಮ್ದೇ ಮಾತು. ನೀವು ಒಳಗಿದ್ರೆ ಹೊರಗೆ ಎಲ್ಲಾ ಎಷ್ಟು ಸುಸೂತ್ರ ಅಂತ!" ಕೂರಲು ಕುರ್ಚಿ ಎಳೆದು, ಕೈಗೆ ನೀರಿನ ಲೋಟ ಕೊಟ್ಟಳು.

ಆಗ ಅವನ ಕಣ್ಣು ತನ್ನ ಕೋಣೆಯತ್ತ ಹೋಯಿತು. ಬಾಗಿಲ ಮುಂದೆ ಒಪೊಂಗ್ ಮಂಡಿಯೂರಿ, ಹೊರಗಡೆಗೆ ಹೊಸ ಚಿಲಕ ಜಡಿಯುತ್ತಿದ್ದ.

ನೀರು ಮುಗಿಯುವ ತನಕ ಯಾರೂ ಕೆಲಸದ ಮಾತು ಎತ್ತುವಂತಿಲ್ಲ. ಕ್ವಾಕು ಗುಟುಕು ಗುಟುಕಾಗಿ, ಬಹಳ ನಿಧಾನವಾಗಿ ಕುಡಿಯತೊಡಗಿದ.